ಫೈನಲಿಗೆ ಮುಂಚಿನ ಮಜ್ಜಿಗೆ

ಮಧ್ಯಾಹ್ನ ಎಷ್ಟು ಗಂಟೆಗೆ ಉಣ್ಣುತ್ತೀ ಎಂದು ಯಾರಾದರೂ ಕೇಳಿದ್ದರೆ, ಹೋದ ವಾರದವರೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರವತ್ತೆಂಟು ವರ್ಷದಿಂದ ದಿನಾ ಉಣ್ಣುತ್ತ ಬಂದವಳಿಗೆ ಇಷ್ಟೂ ತಿಳಿಯದೇ ಎಂದು ನೀವು ನಗಬಹುದು. ನಗಿರಿ. ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಕೊನೆಗೆ ಕೇಳಿದ್ದು ಭೂಮಿಕಾಳ ಇಂಗ್ಲಿಷ್ ನೋಟುಬುಕ್ಕು.

ಗುರುಗುಂಟಾದಲ್ಲಿ ಕೂತು ಇದನ್ನು ಓದುವ ಮೊಮ್ಮಕ್ಕಳೇ, ನಿಮಗೆ ಇಲ್ಲಿಯ ಮನೆಯ ರೀತಿ ಹೇಳಬೇಕು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ವಳಕಮದಿನ್ನಿಯಿಂದ ಸಿಂಧನೂರಿಗೆ, ನನ್ನ ಮಗನ ಮನೆಗೆ, ಅಂದರೆ ನಿಮ್ಮ ಮಾವನ ಮನೆಗೆ ಬಂದೆ. ಅವನಿಗೆ ಮಸ್ಕಿಯಲ್ಲಿ ಕಚೇರಿ ಕೆಲಸ. ಸೊಸೆಗೆ ಲಿಂಗಸುಗೂರಿನಲ್ಲಿ ನರ್ಸ್ ಕೆಲಸ. ಮುಂಜಾನೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ. ಮೊದಲು ಮಸ್ಕಿ ಬರುತ್ತದೆ, ಅವನು ಇಳಿಯುತ್ತಾನೆ. ಆಮೇಲೆ ಲಿಂಗಸುಗೂರು, ಅವಳು ಇಳಿಯುತ್ತಾಳೆ. ಅವರ ಮಗಳು ಭೂಮಿಕಾ, ನನ್ನನ್ನು ಅಮ್ಮ ಅನ್ನುವವಳು, ಆರನೆಯ ಇಯತ್ತೆ, ಶಾಲೆಯ ವ್ಯಾನು ಬಂದು ಒಯ್ಯುತ್ತದೆ. ಎಂಟೂವರೆಗೆ ಮೂರು ಬುತ್ತಿಡಬ್ಬಿ ಮೂರು ಕಡೆಗೆ ಹೋದವೆಂದರೆ ಮನೆಯಲ್ಲಿ ಉಳಿಯುವುದು ನಾನು, ಫ್ರಿಜ್ಜಿನ ಗುರುಗುರು, ಮತ್ತು ಎಷ್ಟು ತಿರುವಿದರೂ ತೊಟ್ಟಿಕ್ಕುವ ಒಂದು ನಳ. ಮೂವರಲ್ಲಿ ಹೆಚ್ಚು ಮಾತಾಡುವುದು ನಳವೇ.

ಬೂಟಿನ ಲಾಡಿ ಕಟ್ಟುತ್ತ ಮಗ ದಿನಾ ಒಂದು ಮಾತು ಹೇಳುತ್ತಾನೆ: "ಅವ್ವ, ಟೈಮಿಗೆ ಉಣ್ಣು." ನಾನು ಹೂಂ ಅನ್ನುತ್ತೇನೆ. ಯಾವ ಟೈಮಿಗೆ ಎಂದು ಅವನು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಈಗ ನೋಟುಬುಕ್ಕಿಗೆ ಬರುತ್ತೇನೆ. "ನಮ್ಮ ಮನೆಯ ಒಂದು ದಿನ" ಎಂದು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಲು ಭೂಮಿಕಾಳ ಮಿಸ್ ಹೇಳಿದ್ದರು. ಹಲಗೆಯ ಮೇಲೆ ಆರು ಪದ ಕೊಟ್ಟಿದ್ದರು: ಫಸ್ಟ್, ನೆಕ್ಸ್ಟ್, ದೆನ್, ಆಫ್ಟರ್ ದ್ಯಾಟ್, ಲೇಟರ್, ಫೈನಲಿ. ಇವುಗಳಿಗೆ ದೊಡ್ಡ ಕಾಯಿದೆ ಇದೆಯಂತೆ. ವಾಕ್ಯದ ಮೊದಲಿಗೆ ಬಂದರೆ ಪಕ್ಕದಲ್ಲಿ ಒಂದು ಅಲ್ಪವಿರಾಮ ಇಡಬೇಕು. ದೆನ್, ದೆನ್ ಎಂದು ಸಾಲುಸಾಲಾಗಿ ಪೋಣಿಸಬಾರದು. ಫೈನಲಿ ಒಂದೇ ಸಲ ಬರಬೇಕು, ಅದೂ ಕಟ್ಟಕಡೆಗೆ. ಅದರ ಮುಂದೆ ಏನೂ ಇರಬಾರದು.

ನಾನು ವಳಕಮದಿನ್ನಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಇಂಗ್ಲಿಷ್ ಐದನೆಯದರಲ್ಲಿ ಶುರುವಾಯಿತು, ಏಳನೆಯದರಲ್ಲಿ ಮುಗಿಯಿತು. ಮಾಸ್ತರರು ನನ್ನ ಕಡೆ ನೋಡಿದರೆ ಬಂದದ್ದೂ ಮರೆಯುತ್ತಿತ್ತು. ಈಗ ನೋಡುವ ಮಾಸ್ತರರಿಲ್ಲ. ಹಾಗಾಗಿ ಬದನೆಕಾಯಿ ಹೆಚ್ಚುತ್ತ ಆ ಆರು ಪದಗಳನ್ನು ಬಾಯಿಪಾಠ ಮಾಡಿದೆ. ಫಸ್ಟ್ ತೊಟ್ಟು, ನೆಕ್ಸ್ಟ್ ಹುಳುಕು, ದೆನ್ ಉಪ್ಪುನೀರು. ಬದನೆಕಾಯಿಗೆ ಏನೂ ಬೇಸರವಾದಂತೆ ಕಾಣಲಿಲ್ಲ.

ಬಾಯಿಪಾಠ ಮಾಡುವಾಗ ಒಂದು ಸಂಗತಿ ಹೊಳೆಯಿತು. ಓದಿದವರು ಒಪ್ಪುತ್ತಾರೋ ಇಲ್ಲವೋ, ನಿಮ್ಮ ಮುಂದೆ ಹೇಳಲು ನನಗೆ ನಾಚಿಕೆಯಿಲ್ಲ. ನಮ್ಮ ಮಾತಿನಲ್ಲಿ ಇಂಥ ಪದಗಳ ಕೆಲಸ ಬಹಳ ಬೀಳುವುದಿಲ್ಲ. ಎದ್ದು, ಮುಖ ತೊಳೆದು, ಒಲೆ ಹಚ್ಚಿ, ಚಹಾಕ್ಕಿಟ್ಟು ಎಂದು ಹೇಳುತ್ತ ಹೋದರೆ ಸಾಕು, ಒಂದು ಕೆಲಸ ಇನ್ನೊಂದರ ಸೆರಗು ಹಿಡಿದು ತಾನೇ ಬರುತ್ತದೆ. ಇಂಗ್ಲಿಷಿನಲ್ಲಿ ಎದ್ದಳು, ಚುಕ್ಕೆ. ತೊಳೆದಳು, ಚುಕ್ಕೆ. ಪ್ರತಿಯೊಂದೂ ತನ್ನ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಅದಕ್ಕೇ ಫಸ್ಟ್, ನೆಕ್ಸ್ಟ್ ಎಂದು ಯಾರಾದರೂ ಹೋಗಿ ಕದ ತಟ್ಟಬೇಕು. ನಮ್ಮ ಮನೆಯೂ ಈಗ ಇಂಗ್ಲಿಷಿನಲ್ಲೇ ನಡೆಯುತ್ತಿದೆ ಅನ್ನಿಸಿತು.

ಭೂಮಿಕಾ ಬರೆದು ಮುಗಿಸಿ ನನಗೆ ಕನ್ನಡದಲ್ಲಿ ಹೇಳಿದಳು. ಫಸ್ಟ್, ಪಪ್ಪ ಮಮ್ಮಿ ಬಸ್ಸಿಗೆ ಹೋಗುತ್ತಾರೆ. ನೆಕ್ಸ್ಟ್, ನಾನು ಶಾಲೆಗೆ ಹೋಗುತ್ತೇನೆ. ದೆನ್, ಪಪ್ಪ ಮಸ್ಕಿಯಲ್ಲಿ ಉಣ್ಣುತ್ತಾರೆ. ಆಫ್ಟರ್ ದ್ಯಾಟ್, ಮಮ್ಮಿ ಲಿಂಗಸುಗೂರಿನಲ್ಲಿ ಉಣ್ಣುತ್ತಾರೆ. ಹೀಗೇ ಸಾಗಿ, ಫೈನಲಿ, ಎಲ್ಲರೂ ಮಲಗುತ್ತಾರೆ. ಚಲೋ ಇತ್ತು. ಅದರಲ್ಲಿ ನಾನು ಬರಲೇ ಇಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ, ಅವಳೇ ಹೇಳಿದಳು: "ನಿನಗ ಪದ ಉಳೀಲಿಲ್ಲ ಅಮ್ಮ. ಆರೂ ಖಾಲಿ ಆದ್ವು."

"ಇರಲಿ ಬಿಡು ಯವ್ವ," ಅಂದೆ. "ಮನ್ಯಾಗಂತೂ ಇರ್ತೀನಲ್ಲ, ಬುಕ್ಕಿನಾಗ ಯಾಕ?"

ಅಂದು ಡಬ್ಬಿಗಳನ್ನು ತಿಕ್ಕುವಾಗ ಯಾಕೋ ಬೂದಿ ಹೆಚ್ಚಾಯಿತು, ಕೈ ಉರಿಯಿತು.

ನಿಮ್ಮ ತಾತ ಇದ್ದಾಗ ನಾನು ಕೊನೆಗೇ ಉಣ್ಣುತ್ತಿದ್ದೆ. ನಮ್ಮ ಕಡೆ ಹೆಂಗಸರು ಹಾಗೆಯೇ. ಅದು ಸರಿಯೋ ತಪ್ಪೋ ನೀವು ದೊಡ್ಡವರಾಗಿ ತೀರ್ಮಾನಿಸಿ. ಆದರೆ ಆ ಕೊನೆಗೊಂದು ರುಚಿಯಿತ್ತು. ಗದ್ದೆಯಿಂದ ಬಂದು ಉಂಡು ಕೈ ತೊಳೆದವರು ಎದ್ದು ಹೋಗುತ್ತಿರಲಿಲ್ಲ. ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತ ಕೂಡುತ್ತಿದ್ದರು. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಮೇಲಿನವರು ಎಲ್ಲಿ ಕಟ್ಟೆ ಹಾಕಿದರು, ಯಾರ ಎಮ್ಮೆ ಯಾರ ಸಸಿಮಡಿಗೆ ನುಗ್ಗಿತು, ಎಲ್ಲ ನನ್ನ ತಟ್ಟೆಯ ಮುಂದೆ ಬರುತ್ತಿತ್ತು. ನನ್ನದು ಮುಗಿಯಿತೆಂದು ಕಂಡರೆ, "ಇನ್ನೊಂದು ಅರ್ಧ ರೊಟ್ಟಿ ಮುರಕೋ, ಎಮ್ಮಿ ಕಥಿ ಇನ್ನೂ ಐತಿ" ಅನ್ನುತ್ತಿದ್ದರು. ಮೂವತ್ತೊಂಬತ್ತು ವರ್ಷ ನಾನು ಕೊನೆಗೆ ಉಂಡೆ. ಒಂದು ದಿನವೂ ಒಬ್ಬಳೇ ಉಣ್ಣಲಿಲ್ಲ.

ಇಲ್ಲಿಗೆ ಬಂದ ಮೇಲೂ ರೂಢಿ ಬಿಡಲಿಲ್ಲ. ಎಲ್ಲರೂ ಉಂಡ ಮೇಲೆಯೇ ನಾನು. ಆದರೆ ಎಲ್ಲರೂ ಯಾವಾಗ ಉಣ್ಣುತ್ತಾರೆ? ಮಸ್ಕಿಯ ಡಬ್ಬಿ ಒಂದಕ್ಕೆ ತೆರೆಯಿತೋ, ಮೂರಕ್ಕೆ ತೆರೆಯಿತೋ. ಲಿಂಗಸುಗೂರಿನವಳಿಗೆ ಕೈ ತೊಳೆಯಲಾದರೂ ಬಿಡುವಾಯಿತೋ ಇಲ್ಲವೋ. ಒಮ್ಮೆ ಧೈರ್ಯ ಮಾಡಿ ಮಗನಿಗೆ ಫೋನು ಹಚ್ಚಿ ಉಂಡೆಯಾ ಎಂದು ಕೇಳಿದೆ. "ಮೀಟಿಂಗಿನಾಗ ಅದೀನಿ ಅವ್ವ, ಏನಾತು?" ಎಂದು ಗಾಬರಿಯಿಂದ ಪಿಸುಗುಟ್ಟಿದ. ಏನೂ ಆಗಿರಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೇ. ಅದನ್ನು ಮೀಟಿಂಗಿನಲ್ಲಿ ಹೇಳುವುದು ಹೇಗೆ? ಮತ್ತೆ ಹಚ್ಚಲಿಲ್ಲ.

ಹೀಗಾಗಿ ಕಾಯುತ್ತೇನೆ. ಎರಡು ಹೊಡೆಯುತ್ತದೆ, ಮೂರು ಹೊಡೆಯುತ್ತದೆ, ಹಸಿವು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ನಾಲ್ಕಕ್ಕೆ ಭೂಮಿಕಾ ತಂದ ಡಬ್ಬಿಯಲ್ಲಿ ನಾಲ್ಕು ತುತ್ತು ಅನ್ನ ಉಳಿದಿದ್ದರೆ ಅದನ್ನು ನಿಂತೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಎಷ್ಟೋ ದಿನ ನನ್ನ ಮಧ್ಯಾಹ್ನದ ಊಟ ಅಷ್ಟೇ. ಇದನ್ನು ನಿಮ್ಮ ಅವ್ವನಿಗೆ ಹೇಳಬೇಡಿ. ಹೇಳಿದರೆ ಗುರುಗುಂಟಾದಿಂದ ಬಸ್ಸು ಹತ್ತಿ ಬಂದು ತನ್ನ ಅಣ್ಣನಿಗೆ ಬೈಯುತ್ತಾಳೆ. ಅವನದೇನೂ ತಪ್ಪಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಇದ್ದೇ ಇರುತ್ತವೆ.

ಮರುದಿನ ಭೂಮಿಕಾ ಮುಖ ಊದಿಸಿಕೊಂಡು ಬಂದಳು. ಮಿಸ್ ಎಣಿಸಿ ನೋಡಿದರೆ ವಾಕ್ಯ ಒಂಬತ್ತೇ ಇದ್ದವಂತೆ.

"ಒಂದು ಕಮ್ಮಿ ಬಿದ್ದೈತಿ ಅಮ್ಮ. ನಿನ್ನ ಹಾಕ್ತೀನಿ. ಮಲಗೋದರಾಗಿನ ಫೈನಲಿ ಅಳಿಸಿ ನಿನಗ ಕೊಡ್ತೀನಿ, ಬೇಕಾದ್ರ. ಹೇಳು, ನೀ ಯಾವಾಗ ಉಣ್ತಿ?"

"ಎಲ್ಲಾರೂ ಉಂಡ ಮ್ಯಾಲ."

"ಎಲ್ಲಾರೂ ಯಾವಾಗ ಉಣ್ತಾರ?"

"ಅದು ನನಗೆಂಗ ಗೊತ್ತಾಗಬೇಕು?"

ಪೆನ್ಸಿಲು ಕಡಿಯುತ್ತ ನನ್ನನ್ನು ನೋಡಿದಳು. "ಇವತ್ತು ಉಂಡಿಯಿಲ್ಲ?"

"ಉಂಡೀನಿ."

ಅವಳು ಎದ್ದು ಹೋಗಿ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಳು. "ಮುಂಜಾನೆ ನನ್ನ ಡಬ್ಬಿ ಕಟ್ಟುವಾಗ ಮೂರು ಇದ್ವು. ಈಗೂ ಮೂರು ಅದಾವ. ಸುಳ್ಳು ಬುರುಕಿ."

"ಹಸಿವಿರಲಿಲ್ಲ."

"ನನಗ ಅದು ಬ್ಯಾಡ. ಸುಳ್ಳು ಬರದ್ರ ಮಿಸ್ ಬೈತಾರ. ನೀ ಈಗ ಉಣ್ಣು, ನಾ ನೋಡಿ ಬರೀತೀನಿ. ಜಲ್ದಿ ಉಣ್ಣು, ಮತ್ತ ಗಣಿತದ ಹೋಮ್‌ವರ್ಕ್ ಐತಿ."

ತಟ್ಟೆಯನ್ನು ಅವಳೇ ತಂದು ಕುಕ್ಕಿದಳು. ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಪುಡಿ. ತಾನು ಎದುರಿಗೆ ಗೋಡೆಗೆ ಒರಗಿ, ತೊಡೆಯ ಮೇಲೆ ನೋಟುಬುಕ್ಕು ತೆರೆದು, ಪೊಲೀಸರ ಹಾಗೆ ಕೂತಳು. ನನ್ನ ಕೈ ತಟ್ಟೆಗೆ ಹೋಗಲಿಲ್ಲ. ಉಳಿದ ಇಬ್ಬರು ಉಂಡಿದ್ದಾರೋ ಇಲ್ಲವೋ, ಗಡಿಯಾರ ನಾಲ್ಕೂಕಾಲು ತೋರಿಸುತ್ತಿದೆ, ಕಳ್ಳತನ ಮಾಡುತ್ತಿರುವಂತೆ ಅನ್ನಿಸಿತು. ಒಂದು ತುತ್ತು ಮುರಿದೆ. ಹಸಿವು ಎಲ್ಲಿಗೂ ಹೋಗಿರಲಿಲ್ಲ, ಬಾಗಿಲ ಹಿಂದೆಯೇ ನಿಂತಿತ್ತು.

ಸುಮ್ಮನೆ ಕೂಡುವ ಹುಡುಗಿಯಲ್ಲ ಅವಳು. ವ್ಯಾನಿನಲ್ಲಿ ಯಾರು ಯಾರ ಜಡೆ ಎಳೆದರು, ಮಿಸ್ಸಿನ ಸೀಮೆಸುಣ್ಣ ಹೇಗೆ ಮುರಿದು ಮೊದಲ ಬೆಂಚಿನವನ ನೆತ್ತಿಗೆ ಬಿತ್ತು, ಎಲ್ಲ ಶುರುವಾಯಿತು. ಆಮೇಲೆ, ಆಮೇಲೆ, ಆಮೇಲೆ ಎಂದು ಉಸಿರು ಬಿಡದೆ ಹೇಳಿದಳು. ಮಿಸ್ ಕೇಳಿದ್ದರೆ ಕೆಂಪು ಗೀಟು ಎಳೆಯುತ್ತಿದ್ದರು. ನಾನು ಒಂದು ಆಮೇಲೆಗೆ ಒಂದು ತುತ್ತಿನಂತೆ ಉಂಡೆ. ಎರಡು ರೊಟ್ಟಿ ಹೇಗೆ ಮುಗಿದವೋ ತಿಳಿಯಲಿಲ್ಲ. ಮೂರನೆಯದಕ್ಕೂ ಕೈ ಹಾಕಿದೆ. ಬುಟ್ಟಿ ಖಾಲಿಯಾಯಿತು, ಸೀಮೆಸುಣ್ಣದ ಕಥೆಯೂ ಖಾಲಿಯಾಯಿತು.

ಅವಳು ಪೆನ್ಸಿಲು ಎತ್ತಿದಳು. "ಆತಲ್ಲ? ಫೈನಲಿ ಬರೀಲೇನು?"

ಅದನ್ನು ಬರೆದರೆ ಮುಂದೆ ಏನೂ ಇರಬಾರದು. ಅವಳು ನೋಟುಬುಕ್ಕು ಮುಚ್ಚಿ ಒಳಕೋಣೆಗೆ ಹೋಗುತ್ತಾಳೆ, ನಾನು ತಟ್ಟೆ ತೊಳೆಯಬೇಕು, ನಳದ ಮಾತು ಕೇಳಬೇಕು.

"ತಡಿ ಯವ್ವ," ಅಂದೆ. "ಇನ್ನೂ ಮಜ್ಜಿಗಿ ಐತಿ."

ಮಜ್ಜಿಗೆ ಇನ್ನೂ ಮೊಸರಾಗಿಯೇ ಇತ್ತು. ಕಡೆಗೋಲು ತರಲು ಎದ್ದೆ.