ಭಟ್ಟರ ಸಾರು, ನನ್ನ ಮೂಗು

ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ಮೊನ್ನೆ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಹಾಗೇ ಆಯಿತು. ಕೈಯಲ್ಲಿ ತರಕಾರಿ ಚೀಲ, ಹಿಂದೆ ಹತ್ತಿ ಬರುತ್ತಿದ್ದ ಪಕ್ಕದ ಮನೆಯ ಮಾವಶಿ "ಕಾಯ್ ಝಾಲಂ?", ಏನಾಯಿತು, ಎಂದು ಕೇಳುತ್ತಿದ್ದಾಳೆ, ನಾನು ಮಾತ್ರ ಯಾರದೋ ಮನೆಯ ಬಾಣಲೆಯಲ್ಲಿ ಬೀಜ ಎಷ್ಟು ಕೆಂಪಾಗಿದೆ ಎಂದು ಮೂಗಿನಲ್ಲೇ ಲೆಕ್ಕ ಹಾಕುತ್ತ ನಿಂತಿದ್ದೇನೆ. ಇನ್ನು ಸ್ವಲ್ಪ ಬಿಟ್ಟರೆ ಸೀದುಹೋಗುತ್ತದೆ, ಇಳಿಸವ್ವಾ ತಾಯಿ, ಎಂದು ಕೂಗಬೇಕೆನಿಸಿತು. ಕೂಗಿದರೆ ಮುದುಕನಿಗೆ ತಲೆ ಕೆಟ್ಟಿದೆ ಎಂದಾರು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ ಚಹಾ ಕುಡಿದೆ. ಆದರೆ ಆ ಸಂಜೆಯೆಲ್ಲ ಶ್ರೀಪತಿ ಭಟ್ಟರು ನನ್ನ ಜೊತೆಗೇ ಇದ್ದರು. ಅವರು ತೀರಿಕೊಂಡು ವರ್ಷ ತುಂಬುತ್ತ ಬಂತು.

ನಾವಿಬ್ಬರೂ ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದೆವು. ಅನ್ನ, ಸಾರು, ಸಾಂಬಾರು ಭಟ್ಟರದು. ಚಪಾತಿ, ಪಲ್ಯ, ಚಟ್ನಿ ನನ್ನದು. ಅವರು ಉಡುಪಿ ಕಡೆಯವರು, ಮನೆ ಅಂಧೇರಿಯಲ್ಲಿ. ನಾನು ವಿಜಯಪುರ ಜಿಲ್ಲೆಯವನು ಎಂದು ಹೇಳಿಕೊಳ್ಳುವುದಷ್ಟೇ, ಹುಟ್ಟಿ ಬೆಳೆದದ್ದೆಲ್ಲ ಕುರ್ಲಾದ ಚಾಳಿನಲ್ಲಿ. ಅಪ್ಪ ಗಾರೆ ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತವನು. ಇಬ್ಬರದೂ ಕನ್ನಡವೇ, ಆದರೂ ಮೊದಮೊದಲು ಒಬ್ಬರ ಮಾತು ಒಬ್ಬರಿಗೆ ಹತ್ತದೆ ಹಿಂದಿಯಲ್ಲೇ ಕೆಲಸ ಸಾಗಿಸಿದೆವು. ನನ್ನ ಮಾತು ಕೇಳಿ ಅವರು, "ಎಂತ ಮಾರಾಯ, ಯಾವಾಗ ನೋಡಿದರೂ ಸಿಟ್ಟಾ ನಿಂಗೆ?" ಎನ್ನುತ್ತಿದ್ದರು. "ಸಿಟ್ಟಿಲ್ರಿ ಭಟ್ರ, ನಾವು ಮಾತಾಡೂದ ಹಿಂಗ" ಎಂದರೆ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದರು. ಮೆಷಿನ್ ಶಾಪಿನ ಮರಾಠಿಗರಿಗೂ ಅವರು ಭಟ್‌ಜೀ, ಯುಪಿಯ ವೆಲ್ಡರುಗಳಿಗೂ ಭಟ್‌ಜೀ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಊಟ ಮುಗಿಯುವ ಹೊತ್ತಿಗೆ ತಟ್ಟೆ ತೊಳೆಯುವ ಜಾಗಕ್ಕೆ ಹೋಗಿ ನಿಂತು, ಯಾರ ತಟ್ಟೆಯಲ್ಲಿ ಏನು ಉಳಿಯಿತು ಎಂದು ನೋಡುವುದು ಅವರ ರೂಢಿ. ಅನ್ನ ಬಿಟ್ಟವನನ್ನು ಮರುದಿನ ಕರೆದು, ಮೈಗೆ ಹುಷಾರಿಲ್ಲವಾ, ಮನೆಯಲ್ಲಿ ಜಗಳವಾ ಎಂದು ವಿಚಾರಿಸುತ್ತಿದ್ದರು. ಬೈಸಿಕೊಳ್ಳಲು ಹೆದರುತ್ತ ಬಂದವನು ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ.

ಅವರದೊಂದು ನಿಯಮವಿತ್ತು. ಅಡುಗೆಮನೆಯ ಮೂಲೆಯ ಹಲಗೆಯ ಮೇಲೆ ಒಂದು ದೇವರ ಪಟ. ಮಧ್ಯಾಹ್ನದ ಭೋಂಗಾ, ಅಂದರೆ ಊಟದ ಸೈರನ್, ಕೂಗುವ ಮೊದಲು ಬಾಳೆಲೆಯ ತುಂಡಿನ ಮೇಲೆ ಎಲ್ಲದರದ್ದೂ ಚೂರು ಚೂರು ಬಡಿಸಿ, ಸುತ್ತ ನೀರು ಬಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ಅವರು ಮಾಡಿದ ಅಡುಗೆ ಯಾರ ನಾಲಿಗೆಗೂ ತಾಗಕೂಡದು. ನಾವೆಲ್ಲ ಅಂಗೈಗೆ ಸಾರು ಸುರಿದುಕೊಂಡು ಚಪ್ಪರಿಸಿ ಉಪ್ಪು ನೋಡುವ ಮಂದಿ. ಭಟ್ಟರು ಕುದಿಯುವ ಸಾರಿನ ಪಕ್ಕ ಸುಮ್ಮನೆ ನಿಲ್ಲುತ್ತಿದ್ದರು. ಉಪ್ಪು, ಹುಳಿ, ಬೆಲ್ಲ ಎಲ್ಲ ಅವರಿಗೆ ಆವಿಯಲ್ಲೇ ಗೊತ್ತಾಗುತ್ತಿತ್ತು. "ಉಪ್ಪಿಗೆ ಎಲ್ಲೀ ವಾಸನಿರಿ ಭಟ್ರ, ಸುಳ್ಳ ಹೇಳ್ತೀರಿ" ಎಂದು ಕೆಣಕಿದರೆ, "ಉಪ್ಪಿಗೆ ಇಲ್ಲ ಮಾರಾಯ, ಉಪ್ಪು ಬಿದ್ದ ಮೇಲೆ ಉಳಿದದ್ದಕ್ಕೆಲ್ಲ ಬರ್ತದೆ" ಎನ್ನುತ್ತಿದ್ದರು. ನಾನು ನಂಬಿರಲಿಲ್ಲ. ಆದರೆ ಅವರ ಸಾರು ತಪ್ಪಿದ ದಿನವನ್ನೂ ನಾನು ಕಂಡಿರಲಿಲ್ಲ.

ಆಮೇಲೆ ಕೊರೊನಾ ಬಂತು. ಭಟ್ಟರಿಗೂ ತಗುಲಿತು, ಬದುಕಿಕೊಂಡರು. ಕ್ಯಾಂಟೀನು ಮತ್ತೆ ತೆರೆದಾಗ ಬಿಳಿ ಗಡ್ಡ ಬಿಟ್ಟುಕೊಂಡು, ಅರ್ಧ ಮೈ ಇಳಿದು ಬಂದರು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಬಂದ ದಿನವೇ ಸಾರಿನ ಪುಡಿಗೆಂದು ಕೊತ್ತಂಬರಿ ಬೀಜ ಹುರಿಯಲು ನಿಂತರು. ನಾನು ಆಚೆ ಹಿಟ್ಟು ನಾದುತ್ತಿದ್ದೆ. ಘಮ ಬಂತು, ಘಮ ಏರಿತು, ಆಮೇಲೆ ಕಮಟು ಶುರುವಾಯಿತು. ಭಟ್ಟರು ಮಾತ್ರ ಕಿಟಕಿಯ ಕಡೆ ನೋಡುತ್ತ ನಿಧಾನ ಸೌಟು ಆಡಿಸುತ್ತಲೇ ಇದ್ದಾರೆ! "ಭಟ್ರ, ಬೀಜ ಹೊತ್ತಾಕತ್ತಾವ್ರಿ!" ಎಂದು ಕೂಗಿದೆ. ಬೆಚ್ಚಿ ಕೆಳಗೆ ನೋಡಿದರು. ಬಾಣಲೆ ತುಂಬ ಕರಕಲು. ಅವರ ಮುಖ ನೋಡಿ ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

ಚಹಾದ ಹೊತ್ತಿಗೆ ಹಿತ್ತಲ ಬಾಗಿಲ ಹತ್ತಿರ ಕೂತು ಹೇಳಿದರು: "ಸಂಗಪ್ಪ, ನನ್ನ ಮೂಗು ಸತ್ತುಹೋಗಿದೆ ಮಾರಾಯ. ಕರ್ಪೂರ ಹಿಡಿದರೂ ಗೊತ್ತಾಗುದಿಲ್ಲ." ನಾನು ಒರಟ, ತಲೆಗೆ ಬಂದದ್ದನ್ನು ಅಂದುಬಿಟ್ಟೆ: "ಅದಕ್ಕೇನಾತ್ರಿ, ನಮ್ಮಂಗ ಬಾಯಾಗ ಹಾಕಿ ನೋಡ್ರಿ. ದೇವ್ರೇನು ಪೊಲೀಸ್ ಕಂಪ್ಲೇಂಟ್ ಕೊಡ್ತಾನ?" ಅವರು ನಗಲಿಲ್ಲ. "ಇಷ್ಟು ವರ್ಷ ಅವನಿಗಿಂತ ಮೊದಲು ನಾನು ಉಂಡದ್ದಿಲ್ಲ. ಈಗ ಹೋಗುವ ಕಾಲಕ್ಕೆ ಎಂಜಲು ಬಡಿಸುದಾ? ಅದಕ್ಕಿಂತ ನಾಳೆಯೇ ಬಿಟ್ಟು ಮನೆಗೆ ಹೋಗ್ತೇನೆ" ಎಂದರು. ಸೌಟು ಹಿಡಿದೇ ಮುದುಕರಾದ ಮನುಷ್ಯ, ನಿಯಮ ಮುರಿಯದೆ ಕೊನೆಯ ದಿನದವರೆಗೆ ಅಡುಗೆ ಮಾಡಿ ಇಳಿಯಬೇಕೆಂಬುದು ಅವರ ಆಸೆ. ಅದಕ್ಕಿಂತ ದೊಡ್ಡದೇನನ್ನೂ ಅವರು ಕೇಳಿದವರಲ್ಲ. "ನನ್ನ ಮೂಗು ಐತಲ್ರಿ, ಅದನ್ನ ಇಟ್ಕೋರಿ" ಎಂದೆ.

ಹೀಗೆ ಶುರುವಾಯಿತು ನಮ್ಮ ಹೊಸ ಕೆಲಸ. ಮೊದಲ ದಿನ ನಾನು ಬಗ್ಗಿ ಟೋಪಿಗೇ, ಅಂದರೆ ಸಾರಿನ ಆ ದೊಡ್ಡ ಪಾತ್ರೆಗೇ, ಮೂಗು ಹಚ್ಚಲು ಹೋದರೆ ಭಟ್ಟರು ಭುಜ ಹಿಡಿದು ಎಳೆದರು. "ಮೂಸಬಾರದು! ದೇವರಿಗೆ ಏರಿಸುವ ಹೂವನ್ನೂ ಮೂಸುದಿಲ್ಲ ನಾವು." "ಹಂಗಾದ್ರ ನೀವು ಇಷ್ಟು ದಿನ ಮಾಡಿದ್ದೇನ್ರಿ?" "ನಾನು ಪಕ್ಕದಲ್ಲಿ ನಿಲ್ತಿದ್ದೆ. ವಾಸನೆ ತಾನಾಗಿ ಬಂದರೆ ತಪ್ಪಿಲ್ಲ." ಏನು ವಕೀಲಿ ಅಂತೀರಿ! ಹೀಗಾಗಿ ನಾನು ಕೈ ಹಿಂದೆ ಕಟ್ಟಿಕೊಂಡು, ಒಲೆಯಿಂದ ಒಂದು ಮಾರು ದೂರದಲ್ಲಿ, ಹೆಣ್ಣು ನೋಡಲು ಬಂದವನ ಹಾಗೆ ಗಂಭೀರವಾಗಿ ನಿಲ್ಲಬೇಕು. ಆವಿ ನನ್ನ ಕಡೆ ಬರಲೆಂದು ಭಟ್ಟರು ಫ್ಯಾನು ತಿರುಗಿಸುತ್ತಿದ್ದರು. ಬಂದ ವಾಸನೆ ಹೇಗಿದೆ ಎಂದು ನಾನು ಹೇಳಬೇಕು, ಅದನ್ನು ಕೇಳಿ ಏನು ಕಡಿಮೆ, ಏನು ಹೆಚ್ಚು ಎಂದು ಅವರು ತಿಳಿಯಬೇಕು. ಹೇಳುವುದು ಏನೆಂದು? ಸಾರಿನ ವಾಸನೆಗೆ ನನ್ನ ಹತ್ತಿರ ಮಾತೇ ಇರಲಿಲ್ಲ. ನನ್ನ ಮೂಗು ಬಲ್ಲ ಮನೆ ಒಂದೇ, ಕುರ್ಲಾದ ಚಾಳಿನ ಕೋಣೆ. ಅಲ್ಲಿಯ ವಾಸನೆಗಳನ್ನೇ ಹೇಳತೊಡಗಿದೆ.

ಅಲ್ಲೇ ಎಡವಟ್ಟಾಯಿತು. ಒಂದು ದಿನ ಸಾರು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೆ ಬಾಯಲ್ಲಿ ನೀರು. "ಹಸೀ ಗೋಣಿತಟ್ಟಿನ ವಾಸನಿ ಬರಾಕತ್ತೈತ್ರಿ ಭಟ್ರ!" ಎಂದು ಖುಷಿಯಿಂದ ಕೂಗಿದೆ. ಅವರು ಗಾಬರಿಯಾದರು. ಅವರ ಊರಿನ ಮಳೆಗಾಲದಲ್ಲಿ ಗೋಣಿ ಒದ್ದೆಯಾಯಿತೆಂದರೆ ಒಳಗಿನ ಅಕ್ಕಿ ಮುಗ್ಗಿತು ಎಂದೇ ಅರ್ಥ. ಬೇಳೆ ಮುಗ್ಗಿದೆ ಎಂದುಕೊಂಡು, ನಾನು ಚಪಾತಿಯ ಕಡೆ ತಿರುಗುವಷ್ಟರಲ್ಲಿ, ಇಂಗಿನ ನೀರನ್ನೂ ಹುಣಸೆ ರಸವನ್ನೂ ಸುರಿದೇಬಿಟ್ಟರು. ನೈವೇದ್ಯವಾದ ಮೇಲೆ ಬಾಯಿಗಿಟ್ಟರೆ ಅಯ್ಯೋ ಶಿವನೇ, ಅದು ಸಾರಲ್ಲ, ಕಷಾಯ. ತಟ್ಟೆಗಳೆಲ್ಲ ತುಂಬಿಕೊಂಡೇ ವಾಪಸು ಬಂದವು. ಕೊರೊನಾ ಆದ ಮೇಲೆ ಕ್ಯಾಂಟೀನು ಹಿಡಿದ ಹೊಸ ಕಂತ್ರಾಟುದಾರನ ಸೂಪರ್‌ವೈಸರ್, ಪ್ರಾಯದ ಹುಡುಗ, ಕೆಟ್ಟವನಲ್ಲ, ಬಂದು ಕೈ ಮುಗಿದೇ ಹೇಳಿದ: "ಭಟ್‌ಜೀ, ಔರ್ ಏಕ್ ಬಾರ್ ಐಸಾ ಹುವಾ ತೋ ಮೈ ಆಪ್‌ಕೋ ರಖ್ ನಹೀ ಪಾಊಂಗಾ." ಇನ್ನೊಮ್ಮೆ ಹೀಗಾದರೆ ಇಟ್ಟುಕೊಳ್ಳಲಾರೆ ಎಂದು ಅಷ್ಟು ಮರ್ಯಾದೆಯಿಂದ ಹೇಳಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ಮೇಲಾಗಿತ್ತು.

ಅವನು ಹೋದ ಮೇಲೆ ಭಟ್ಟರು ನನ್ನನ್ನು ಎದುರು ಕೂರಿಸಿಕೊಂಡರು. "ಗೋಣಿ ಅಂದ್ರೆ ನಿಂಗೆ ಎಂತ, ಸರಿಯಾಗಿ ಹೇಳು" ಎಂದರು. ಹೇಳಿದೆ. ಬೇಸಿಗೆಯಲ್ಲಿ ನಮ್ಮವ್ವ ನೀರಿನ ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತುತ್ತಿದ್ದಳು. ಶಾಲೆಯಿಂದ ಬಿಸಿಲಲ್ಲಿ ಓಡಿ ಬಂದು ಬಾಗಿಲು ತಳ್ಳಿದರೆ ಮೊದಲು ಮೂಗಿಗೆ ಹತ್ತುತ್ತಿದ್ದದ್ದು ಆ ತಂಪು ವಾಸನೆ. ಅವ್ವ ಮನೆಯಲ್ಲಿದ್ದಾಳೆ, ಈಗ ಕುಡಿಯಲು ನೀರು ಕೊಡುತ್ತಾಳೆ ಎಂದು ಅದರ ಅರ್ಥ. ಭಟ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಹಾಗಾದರೆ ನಿನ್ನ ಮನೆ ಪೂರಾ ನಂಗೆ ಗೊತ್ತಿರಬೇಕು ಮಾರಾಯ, ಇಲ್ಲದಿದ್ದರೆ ಆಗ್ಲಿಕ್ಕಿಲ್ಲ" ಎಂದರು.

ಅಂದಿನಿಂದ ದಿನವೂ ತರಕಾರಿ ಹೆಚ್ಚುವ ಹೊತ್ತಿನಲ್ಲಿ ನಾನು ಆ ಮನೆಯನ್ನು ಹೇಳುತ್ತ ಹೋದೆ. ಒಂದೇ ಕೋಣೆ. ಬಾಗಿಲ ಬಲಗಡೆ ಸೀಮೆಎಣ್ಣೆ ಸ್ಟೋವು, ಅವ್ವ ಪಂಪು ಹೊಡೆದು ಹಚ್ಚಿದಾಗಿನ ಮೊದಲ ಕಮಟು, ಆಮೇಲೆ ನೀಲಿ ಉರಿಯ ಸದ್ದು. ಕಬ್ಬಿಣದ ಹಂಚಿನ ಮೇಲೆ ಜೋಳದ ರೊಟ್ಟಿ, ಅದಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ಹಬೆ. ಕೆಲಸದಿಂದ ಬಂದ ಅಪ್ಪನ ಅಂಗಿಯ ಸುಣ್ಣ, ಸಿಮೆಂಟು, ಬೆವರು. ಪಕ್ಕದ ಕೋಣೆಯ ಕಾಕೂ ಒಣ ಬೊಂಬಿಲು ಮೀನು ಕಾಯಿಸಿದರೆ ಅವ್ವ ಸೆರಗು ಮೂಗಿಗೆ ಹಿಡಿದುಕೊಂಡು, "ಅವರ ಹೊಟ್ಟಿ ತಣ್ಣಗಿರಲಿ, ನಮ್ಮ ಮೂಗೇನು ಸಾಯಂಗಿಲ್ಲ" ಎನ್ನುತ್ತಿದ್ದಳು. ಹಿಂದಿನ ಗಲ್ಲಿಯ ಕಾರ್ಖಾನೆಯಿಂದ ಸುಟ್ಟ ರಬ್ಬರು. ಹಬ್ಬದ ಹಿಂದಿನ ದಿನ ಹುರಿದ ಶೇಂಗಾ, ಕುಟ್ಟಿದ ಬೆಲ್ಲ, ಏಲಕ್ಕಿ. ಚಾಳಿನ ಹುಡುಗರೆಲ್ಲ ನಮ್ಮ ಬಾಗಿಲಲ್ಲಿ. ಭಟ್ಟರು ಮಧ್ಯೆ ಮಧ್ಯೆ ನಿಲ್ಲಿಸಿ ಕೇಳುತ್ತಿದ್ದರು: ರೊಟ್ಟಿಯ ವಾಸನೆ ಅವ್ವ ಖುಷಿಯಲ್ಲಿದ್ದಾಗ ಬೇರೆಯಾ? ಅವಸರದಲ್ಲಿದ್ದಾಗ ಬೇರೆಯಾ? ಬೇರೆ ಎಂದು ನನಗೂ ಆಗಲೇ ಹೊಳೆದದ್ದು. ಚಾಳನ್ನು ಕೆಡವಿ ಆ ಜಾಗದಲ್ಲಿ ಟವರು ಎದ್ದು ಎಷ್ಟೋ ಕಾಲವಾಗಿತ್ತು, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಸತ್ಯ ಹೇಳುತ್ತೇನೆ, ನನ್ನ ಮಕ್ಕಳಿಗೂ ನಾನು ಇಷ್ಟು ಹೇಳಿರಲಿಲ್ಲ. ಹೇಳಹೋದರೆ, "ಪಪ್ಪಾ, ಕಿತನೀ ಬಾರ್?", ಎಷ್ಟು ಸಲ ಹೇಳುತ್ತೀ, ಎನ್ನುತ್ತಾರೆ.

ಆಮೇಲೆ ಸಾರು ತಪ್ಪಲಿಲ್ಲ. "ಅವ್ವ ತಡಾ ಆಗಿ ಬಂದಾಳ್ರಿ, ಅವಸರ ಮಾಡಾಕತ್ತಾಳ" ಎಂದರೆ, ಅವಸರದಲ್ಲಿ ಅವ್ವ ಉಪ್ಪು ಮರೆತಿದ್ದಾಳೆ ಎಂದು ಭಟ್ಟರು ಉಪ್ಪು ಹಾಕುತ್ತಿದ್ದರು. "ಕಾಕೂನ ಜೋಡಿ ಜಗಳ ಆಡ್ಯಾಳ್ರಿ" ಎಂದರೆ ಹುಳಿ ಹೆಚ್ಚಾಗಿದೆ ಎಂದು ಬೆಲ್ಲ. ಸೂಪರ್‌ವೈಸರ್ ಹುಡುಗ ಒಂದು ಸಲ ಹಿಂದೆ ನಿಂತು ಕೇಳಿಸಿಕೊಂಡು, ಈ ಇಬ್ಬರು ಮುದುಕರಿಗೆ ಏನಾಗಿದೆ ಎಂಬಂತೆ ನೋಡಿ ಹೋದ. ಭಟ್ಟರು ಬೆನ್ನು ತಿರುಗಿಸಿ ನಗುತ್ತಿದ್ದರು, ಸೌಟೂ ನಗುವಿಗೆ ಅಲುಗಾಡುತ್ತಿತ್ತು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಸಂತೋಷದ ದಿನಗಳು ಬೇರೆ ಇಲ್ಲ. ಅವರ ಕೊನೆಯ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಅವರಿಗೆ ಅದ್ಯಾವುದೂ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಪಟದ ಮುಂದಿನ ಎಲೆ ತೆಗೆದು ಬಂದು ನನ್ನ ಕೈ ಹಿಡಿದು, "ಬಾಯಿ ಹಾಕದೆ ಮುಗಿಸಿದೆ ಮಾರಾಯ" ಎಂದರು. ಮಗುವಿನ ಹಾಗೆ ಕಣ್ಣು ಒರೆಸಿಕೊಂಡರು.

ಅವರು ಕೆಲಸದಿಂದ ಇಳಿದ ಮೇಲೆ ನಾನೂ ನಿವೃತ್ತನಾದೆ. ಈಗ ಆ ಅಡುಗೆಮನೆ ಇಲ್ಲ, ಊಟ ಹೊರಗಿನಿಂದ ಸ್ಟೀಲ್ ಡಬ್ಬಗಳಲ್ಲಿ ಬರುತ್ತದಂತೆ. ಭಟ್ಟರ ಮೂಗು ಕೊನೆಗೂ ತಿರುಗಿ ಬರಲಿಲ್ಲ. ಭಾನುವಾರ ಫೋನು ಮಾಡಿ, "ಇವತ್ತು ನಿಮ್ಮ ಅವ್ವ ಎಂತ ಮಾಡಿದ್ದಾರೆ?" ಎಂದು ಕೇಳುತ್ತಿದ್ದರು; ನಾನು ಮನಸ್ಸಿಗೆ ಬಂದದ್ದನ್ನು ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಸುಖದ ಸಾವು ಎಂದರು ಎಲ್ಲರೂ. ಇರಬಹುದು. ನನಗೆ ಮಾತ್ರ ಕುರ್ಲಾದ ಆ ಕೋಣೆಗೆ ಬಂದು ಹೋಗುತ್ತಿದ್ದ ಒಬ್ಬನೇ ಒಬ್ಬ ನೆಂಟ ಹೋದ ಹಾಗಾಯಿತು. ನಿಮ್ಮ ಬಾಲ್ಯದ ಮನೆಯನ್ನೂ ಬಲ್ಲವರು ಯಾರಾದರೂ ಉಳಿದಿದ್ದರೆ ಇವತ್ತೇ ಹೋಗಿ ಮಾತಾಡಿಸಿ.

ಹದಿಮೂರನೆಯ ದಿನದ ಊಟ ಅಂಧೇರಿಯ ಒಂದು ಸಣ್ಣ ಸಭಾಂಗಣದಲ್ಲಿ. ನಾನು ಹೊರಗೆ ಕುರ್ಚಿಯ ಮೇಲೆ ಕೂತಿದ್ದೆ. ಒಳಗೆ ಕ್ಯಾಟರಿಂಗಿನ ಹುಡುಗರು ಅಡುಗೆ ಮಾಡುತ್ತಿದ್ದರು. ಭಟ್ಟರ ಹೆಂಡತಿ ಸರಸ್ವತಮ್ಮ ಬೆಳಗಿನಿಂದ ಆ ಒಲೆಗಳ ನಡುವೆಯೇ ನಿಂತಿದ್ದಾರೆ, ಕೂತಿಲ್ಲ, ನೀರೂ ಕುಡಿದಿಲ್ಲ ಎಂದು ಯಾರೋ ಅಂದರು. ಅಷ್ಟರಲ್ಲಿ ಅವರೇ ಬಾಗಿಲಿಗೆ ಬಂದು, "ಸಂಗಪ್ಪಣ್ಣ, ಸ್ವಲ್ಪ ಒಳಗೆ ಬನ್ನಿ" ಎಂದು ಕರೆದರು. ಪುರೋಹಿತರು, ನೆಂಟರು ಎಲ್ಲ ನನ್ನ ಕಡೆ ತಿರುಗಿ ನೋಡಿದರು. "ಅಕ್ಕಾರ, ಮಡಿ ಅಡಗಿ, ನಾ ಒಳಗ ಬರೂದು..." ಎಂದು ತಡವರಿಸಿದೆ. "ಬನ್ನಿ, ನಾನು ಕರೀತಿದ್ದೇನಲ್ಲ" ಎಂದರು. ಹೋದೆ. ಸಾರು ಕುದಿಯುತ್ತಿತ್ತು.

"ಅವರ ಎಲೆಗೆ ಬಡಿಸುವ ಸಾರು. ಯಾರಿಗೂ ಬಾಯಿ ಹಾಕ್ಲಿಕ್ಕೆ ಬಿಡ್ಲಿಲ್ಲ ನಾನು" ಎಂದರು ಅವರು. "ಉಪ್ಪು ಸರಿ ಉಂಟಾ, ನೀವು ಹೇಳಬೇಕು."

ಭಟ್ಟರು ಹೆಂಡತಿಗೆ ಎಲ್ಲ ಹೇಳಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ. ಮೊದಲು ಏನೂ ಬರಲಿಲ್ಲ, ಮೂಗು ಕಟ್ಟಿತ್ತು, ಕಣ್ಣಲ್ಲಿ ನೀರು. ಅವರು ಕಾದರು. ಆಮೇಲೆ ಆವಿ ತಾನಾಗಿಯೇ ಬಂತು. "ಒಂದು ಹಿಡಿ ಕಡಿಮಿ ಐತ್ರಿ ಅಕ್ಕಾರ" ಎಂದೆ. ಸರಸ್ವತಮ್ಮ ಒಂದು ಹಿಡಿ ಉಪ್ಪು ಹಾಕಿ ಸೌಟು ಆಡಿಸಿದರು. ಪಂಕ್ತಿಯಲ್ಲಿ ಕೂತು ಎರಡು ಸಲ ಸಾರು ಹಾಕಿಸಿಕೊಂಡು ಉಂಡೆ, ಉಪ್ಪು ಚಿಟಿಕೆಯಷ್ಟೂ ತಪ್ಪಿರಲಿಲ್ಲ. ಅದು ಭಟ್ಟರೂ ನಾನೂ ಕೂಡಿ ಮಾಡಿದ ಕೊನೆಯ ಅಡುಗೆ.