ನ್ಯೂವೆಗೈನ್‌ನಲ್ಲಿ ಎಳ್ಳು ಕೊಯ್ದ ಕಥೆ

“ಅಣ್ಣಾ, ಇನ್ನೂ ಹಸಿರಿದೆ. ಕೊಯ್ಬೇಡಿ, ಪ್ಲೀಸ್!”

ಕುಡುಗೋಲು ಹಿಡಿದಿದ್ದ ನನಗೆ ಸಿಂಧು ಅಡ್ಡ ನಿಂತಳು. ಇಲ್ಲಿ ಸಸ್ಯವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ದಾವಣಗೆರೆ ಹುಡುಗಿ. ನಾನು ನ್ಯೂವೆಗೈನ್‌ನ ಹೋಟೆಲೊಂದರಲ್ಲಿ ಅಡುಗೆಯವನು, ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಇಬ್ಬರೂ ಸೇರಿ ಬಾಡಿಗೆಗೆ ಹಿಡಿದ ತುಂಡು ತೋಟದಲ್ಲಿ, ಪ್ಲಾಸ್ಟಿಕ್ ಹೊದಿಸಿದ ಚಪ್ಪರದೊಳಗೆ ಎಳ್ಳು ಬೆಳೆದಿದ್ದೆವು. ಹೌದು ಸ್ವಾಮಿ, ಹಾಲೆಂಡಿನಲ್ಲಿ ಎಳ್ಳು!

ಬೀಜ ನನ್ನ ಅವ್ವ ಕೊಟ್ಟಿದ್ದ ಕರಿ ಎಳ್ಳು, ಎರಡೇ ಹಿಡಿ. ಅವ್ವ ಈಗಿಲ್ಲ. ಊರಲ್ಲಿ ಆ ತಳಿಯನ್ನು ಯಾರೂ ಬಿತ್ತುತ್ತಿಲ್ಲ. ಇಲ್ಲಿ ಕೆಟ್ಟರೆ ಮುಗಿಯಿತು.

ಒಂದು ಹಿಡಿ ಆಗಲೇ ಹೋಗಿತ್ತು. ಯುಗಾದಿ ಮುಗಿಯಿತಲ್ಲ ಎಂದು ಏಪ್ರಿಲ್‌ನಲ್ಲಿ ಬಿತ್ತಿದ್ದೆವು (ತಪ್ಪು ನನ್ನದೂ ಹೌದು, ಊರಿನ ಲೆಕ್ಕ ತಲೆಯಲ್ಲಿತ್ತು). ಇಲ್ಲಿನ ತಣ್ಣನೆ ಮಣ್ಣಿನಲ್ಲಿ ಬೀಜ ಮೊಳೆಯಲಿಲ್ಲ, ಕೊಳೆಯಿತು. ಎರಡನೇ ಹಿಡಿಗೆ, ಮಣ್ಣು ಬೆಚ್ಚಗಾಗದೆ ಬಿತ್ತುವುದಿಲ್ಲ ಎಂದು ನಾನು ಹಟ ಹಿಡಿದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಣ್ಣಿಗೆ ಅಂಗೈ ಒತ್ತಿ ನೋಡುತ್ತಿದ್ದೆ. ಮೇ ಕೊನೆಗೆ ಬೆಚ್ಚಗಾಯಿತು, ಬಿತ್ತಿದೆ. ಐದೇ ದಿನಕ್ಕೆ ಸಾಲು ಸಾಲು ಮೊಳಕೆ!

ಈಗ ಕೊಯ್ಲಿನ ಜಗಳ.

“ಕೆಳಗಿನ ಎಲೆ ಉದುರ್ತಿದೆ, ಬುಡದ ಕಾಯಿ ಹಳದಿಯಾಗಿದೆ. ಇದೇ ಟೈಮು ಕಣಮ್ಮ,” ಅಂದೆ.

“ತುದೀದು ಬಲಿತೇ ಇಲ್ವಲ್ಲ? ಯೀಲ್ಡ್ ಕಮ್ಮಿಯಾಗುತ್ತೆ.”

“ತುದೀದಕ್ಕೆ ಕಾದ್ರೆ ಬುಡದ್ದು ಬಾಯಿಬಿಟ್ಟು ನೆಲಕ್ಕೆ ಸುರಿಯುತ್ತೆ. ಆಮೇಲೆ ಒಂದೊಂದೇ ಹೆಕ್ಕೊಂಡು ಕೂತ್ಕೋ!”

“ಅರ್ಧ ನಿಮ್ದು, ಅರ್ಧ ನಂದು. ನೋಡೇ ಬಿಡೋಣ,” ಅಂದಳು. (ಹಟದಲ್ಲಿ ಅವಳು ನನಗಿಂತೇನೂ ಕಮ್ಮಿಯಿಲ್ಲ.)

ನನ್ನ ಅರ್ಧ ಕೊಯ್ದು, ಗಿಡಗಳನ್ನು ಕಂತೆಯಾಗಿ ಸಿವುಡು ಕಟ್ಟಿ, ಮನೆಯ ಹೀಟರ್ ಪಕ್ಕ ನೆಟ್ಟಗೆ ನಿಲ್ಲಿಸಿದೆ. ಅವಳು ತನ್ನದನ್ನು ಗಿಡದಲ್ಲೇ ಬಿಟ್ಟಳು. ಹತ್ತು ದಿನ ಕಳೆಯಿತು. ಬೆಡ್‌ಶೀಟ್ ಹಾಸಿ, ಸಿವುಡನ್ನು ತಲೆಕೆಳಗು ಮಾಡಿ ಬಡಿದೆ ನೋಡಿ, ಎಳ್ಳು ಜಲಜಲನೆ ಸುರಿಯಿತು! ತುಂಬಿದ, ಮಿರುಗುವ ಕರಿ ಎಳ್ಳು. ತುದಿಯ ಕಾಯಿ ಒಂದಿಷ್ಟು ಜೊಳ್ಳು, ಒಪ್ಪುತ್ತೇನೆ.

ಅದೇ ಸಂಜೆ ಸಿಂಧು ತನ್ನ ಗಿಡಕ್ಕೆ ಕೈ ಹಾಕಿದಳು. ಮುಟ್ಟಿದ್ದೇ ತಡ, ಕಾಳು ಚಟಚಟನೆ ಮಣ್ಣುಪಾಲು. ಬುಡದ ಕಾಯಿಗಳಂತೂ ಆಗಲೇ ಬರಿದು. ಉಳಿದದ್ದು ಚಪ್ಪರದೊಳಗಿನ ತೇವಕ್ಕೆ ಬಣ್ಣಗೆಟ್ಟಿತ್ತು. ನನ್ನದು ಡಬ್ಬಿ ತುಂಬ, ಅವಳದು ಒಂದು ಲೋಟ.

ಬೀಜಕ್ಕೆ ಎತ್ತಿಟ್ಟು, ಎರಡರಲ್ಲೂ ಒಂದೊಂದು ಚಮಚ ಹುರಿದು ಕೊಟ್ಟೆ. ಬಾಯಿಗೆ ಹಾಕಿಕೊಂಡು, “ನಂದು ಕಹಿ ಅಣ್ಣಾ,” ಅಂದಳು. ಅವ್ವನ ತಳಿ ಉಳಿಯಿತು. ಉಳಿಸಿದವನು ನಾನು! ಇದನ್ನು ಮೆಲ್ಲಗೆ ಯಾಕೆ ಹೇಳಲಿ?

ಆಮೇಲೆ ಸಿಂಧು ನೋಟ್‌ಬುಕ್ ತೆಗೆದು ಕೇಳಿದಳು: “ಮುಂದಿನ ವರ್ಷ ಯಾವ ತಾರೀಖಿಗೆ ಬಿತ್ತೋಣ?”

ಇಷ್ಟೆಲ್ಲ ಆದಮೇಲೂ ಮಣ್ಣು ಮುಟ್ಟಿ ನೋಡುವುದು ಬಿಟ್ಟು ತಾರೀಖು ಕೇಳಿದರೆ, ಓದಿದವರಿಗೆ ಇನ್ನು ಹೇಗೆ ಪಾಠ ಹೇಳುವುದು?