ಮುಲ್ಕಿ ವರ್ಷದ ಹೊಟ್ಟೆನೋವು

ಹತ್ತಿಮತ್ತೂರಿನಲ್ಲಿ ನನ್ನ ಹೊಟ್ಟೆ ಮುಟ್ಟಿ ನೋಡದವರೇ ಇರಲಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಹೊಕ್ಕುಳ ಸುತ್ತ ಹಿಂಡಿದಂತೆ ನೋವು. ಬಟ್ಟಿ ಸರಿದಿದೆ, ಅಂದರೆ ಹೊಕ್ಕುಳ ಜಾಗ ಬಿಟ್ಟಿದೆ ಎಂದು ಒಬ್ಬಾಕೆ ಹೊಟ್ಟೆಯ ಮೇಲೆ ಹಣತೆಯಿಟ್ಟು ತಂಬಿಗೆ ಬೋರಲು ಹಾಕಿದಳು. ಇನ್ನೊಬ್ಬಳು ದೃಷ್ಟಿ ತೆಗೆದಳು. ಸೋದರತ್ತೆ ಮಾತ್ರ, "ಶಾಲಿ ತಪ್ಪಸಾಕ ನೆವಾ ಮಾಡ್ತಾಳ" ಎಂದುಬಿಟ್ಟಳು. ನೋವಿಗಿಂತ ಆ ಮಾತಿಗೇ ನನಗೆ ಸಿಟ್ಟು. ಶಾಲೆಯೆಂದರೆ ಪ್ರಾಣ ಬಿಡುವವಳು ನಾನು!

ಅವ್ವ ಹೆದರಿ ರೊಟ್ಟಿ ಬಿಡಿಸಿ ಗಂಜಿ ಕುಡಿಸತೊಡಗಿದಳು. "ನೋಯಾಕತ್ತೈತೇನು?" ಎಂದು ಗಳಿಗೆಗೊಮ್ಮೆ ಕೇಳುವಳು. ಕೇಳಿದೊಡನೆ ಮಲಗಿದ್ದ ನೋವೂ ಎದ್ದು ಕೂರುತ್ತಿತ್ತು. ಅದು ಏಳನೆಯ ಇಯತ್ತೆ, ಮುಲ್ಕಿ ಎಂಬ ಪಬ್ಲಿಕ್ ಪರೀಕ್ಷೆಯ ವರ್ಷ. "ಈ ಹೊಟ್ಟಿ ಕಟಗೊಂಡು ಎಂಥಾ ಪರೀಕ್ಷಾ? ಬಿಡಸೂಣು" ಎಂದ ಅಪ್ಪ. ಶಾಲೆ ಬಿಟ್ಟ ಹುಡುಗಿಗೆ ಮುಂದೇನೆಂದು ಹೇಳಬೇಕಿಲ್ಲ. ಶಿಗ್ಗಾಂವಿ ಕಡೆ ಒಂದು ಗಂಡನ್ನೂ ನೋಡಿಟ್ಟಿದ್ದರು.

ಅವ್ವ ಹಟ ಹಿಡಿದು ಅಪ್ಪನಿಂದ ನನ್ನನ್ನು ಸವಣೂರಿನ ಡಾಕ್ಟರಲ್ಲಿಗೆ ಕರೆದೊಯ್ಯಿಸಿದಳು. ಅವರು ಒತ್ತಿ ನೋಡಿ, ಬಹಳ ಹೊತ್ತು ನನ್ನನ್ನು ಮಾತಾಡಿಸಿ, ಅಪ್ಪನ ಕಡೆ ತಿರುಗಿದರು.

"ಒಳಗ ಗಡ್ಡಿ ಇಲ್ಲ, ಹುಣ್ಣಿಲ್ಲ. ಆದ್ರ ನೋವು ಖರೆ ಐತ್ರಿ. ಹುಡುಗಿ ಸುಳ್ಳ ಹೇಳಾಕತ್ತಿಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ.

"ಎಲ್ಲಾರಂಗ ರೊಟ್ಟಿ ಕೊಡ್ರಿ. ನೋಯ್ತೈತೇನಂತ ಕೇಳಬ್ಯಾಡ್ರಿ. ನೋವಿದ್ರೂ ಶಾಲಿಗೆ ಕಳಸ್ರಿ, ಹೋಗ್ತಾ ಹೋಗ್ತಾ ಕಡಿಮಿ ಆಕ್ಕೈತಿ."

ಕೇಳದೆ ಇರುವುದು ಅವ್ವನಿಗೆ ಉಪವಾಸಕ್ಕಿಂತ ಕಷ್ಟವಾಯಿತು. ಬಾಯಿ ತೆರೆದು, ನುಂಗಿಕೊಂಡು, ಸುಮ್ಮನೆ ಇನ್ನೊಂದು ರೊಟ್ಟಿ ಹಾಕುವಳು. ಡಾಕ್ಟರಲ್ಲಿಗೆ ಹೋಗಿಬಂದ ಮರುದಿನ ಮುಂಜಾನೆ ನಾನೇ, "ಅವ್ವಾ, ನೋಯಾಕತ್ತೈತಿ" ಎಂದೆ. ಅವಳು ಕೈಯ ಹಿಟ್ಟು ಝಾಡಿಸಿ ಎದ್ದಳು.

"ಖರೆ, ನೋಯ್ತೈತವ್ವ. ನಡಿ, ನಾನೂ ಬರ್ತೇನಿ."

ಮನೆಗೆಲಸ ಬಿಟ್ಟು ಅವತ್ತು ಶಾಲೆಯ ಕಟ್ಟೆಯ ಮೇಲೆ ಕೂತಳು. ಆಮೇಲಾಮೇಲೆ ಶಾಲೆಯ ಬಾಗಿಲವರೆಗೆ, ಕೊನೆಗೆ ನಮ್ಮ ಓಣಿಯ ತಿರುವಿನವರೆಗೆ ಮಾತ್ರ ಬಂದಳು. ನೋವು ಬರುವುದನ್ನು ಬಿಡಲಿಲ್ಲ. ಆದರೆ ಮಗ್ಗಿ, ಲೆಕ್ಕಗಳ ನಡುವೆ ಅದಕ್ಕೂ ಬೇಸರವಾಗಿ ಬೇಗ ಎದ್ದು ಹೋಗತೊಡಗಿತು.

ಮುಲ್ಕಿ ಪರೀಕ್ಷೆ ಸವಣೂರಿನಲ್ಲಿ. ಆ ಮುಂಜಾನೆ ಬಸ್ಸಿನ ಹತ್ತಿರ ಅಪ್ಪ ನನ್ನ ಮುಖ ನೋಡಿ, "ಹೊಟ್ಟಿ..." ಎಂದು ಶುರುಮಾಡಿದ. ಅವ್ವ ಅವನ ಕೈ ಚಿವುಟಿದಳು.

"...ತುಂಬ ಉಂಡಿ ಹೌದಿಲ್ಲ?" ಎಂದು ಮುಗಿಸಿದ ಪುಣ್ಯಾತ್ಮ.

ಹೊಟ್ಟೆ ನೋಯುತ್ತಲೇ ಇತ್ತು. ಶಿಗ್ಗಾಂವಿಯ ಗಂಡು ಕಾಯಲಿ ಎಂದುಕೊಂಡು ನಗುತ್ತ ಬಸ್ಸು ಹತ್ತಿದೆ.